ಹೊಳೆಯ ಬದಲು ಉತ್ತರ ಬರೆಯುವ ಸವಿತಾ

ಇಳಕಲ್ಲಿನ ಸೀರೆ ಅಂಗಡಿಯ ಬಾಗಿಲು ಇನ್ನೂ ತೆರೆದಿಲ್ಲ. ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಬಂದ ಸವಿತಾ ಚಪ್ಪಲಿಯನ್ನು ಹೊರಗೆ ಬಿಡುತ್ತಾಳೆ, ಕಿಟಕಿ ತೆಗೆಯುತ್ತಾಳೆ, ಕಂಪ್ಯೂಟರ್ ಚಾಲೂ ಮಾಡುತ್ತಾಳೆ. ಆಮೇಲೆ ಮೇಜಿನ ಕೆಳಗೆ ಬಗ್ಗಿ ಇಂಟರ್ನೆಟ್ಟಿನ ವೈರನ್ನು ಕಿತ್ತು ಮೇಲಿಡುತ್ತಾಳೆ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹಿಂದಿನ ಓಣಿಯಲ್ಲಿ ಒಂದೇ ಒಂದು ಮಗ್ಗ ಸದ್ದು ಮಾಡುತ್ತಿದೆ. ಉಳಿದ ಮನೆಗಳಲ್ಲಿ ಚಹಾ ಆಗುತ್ತಿರಬೇಕು.

"ಮಂದಿ ಆಫೀಸಿಗೆ ಬಂದ ಕೂಡ್ಲೆ ನೆಟ್ ಐತೇನ ನೋಡ್ತಾರ್ರಿ. ನಾ ಇಲ್ಲ ಅಂತ ಖಾತ್ರಿ ಮಾಡ್ಕೋತೇನಿ," ಎನ್ನುತ್ತಾಳೆ. ಹೇಳುವಾಗ ನಗು ಬರಬೇಕಿತ್ತು, ಬರುವುದಿಲ್ಲ. ಹೋದ ವರ್ಷದ ಶ್ರಾವಣದಿಂದ ಈಚೆಗೆ ಸವಿತಾಳ ಮಾತಿನಲ್ಲಿ ತಮಾಷೆ ಇರುತ್ತದೆ, ಮುಖದಲ್ಲಿ ಇರುವುದಿಲ್ಲ.

ಆಕೆಯ ಕೆಲಸವನ್ನು ತಿಳಿಯಬೇಕಾದರೆ ಮೊದಲು ಈ ಕೋಣೆಯಲ್ಲಿ ಹುಟ್ಟಿದ ಸಾಫ್ಟ್‌ವೇರು ಏನು ಮಾಡುತ್ತದೆ ಎಂದು ತಿಳಿಯಬೇಕು. ಮಲಪ್ರಭೆ, ಘಟಪ್ರಭೆಯ ದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುವವರಿದ್ದಾರೆ. ಹೊತ್ತು ಮುಳುಗುವ ಮುಂಚೆ ಬಲೆ ಕಟ್ಟಿ ದಡ್ಡಿ ಮಾಡಿ, ಕುರಿಗಳನ್ನು ಒಳಗೆ ಕೂಡಿ, ಅಲ್ಲೇ ಪಕ್ಕದಲ್ಲಿ ಕಂಬಳಿ ಹಾಸುತ್ತಾರೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅವರಿಗೆ ಹೇಳುವವರಿಲ್ಲ. ಅದಕ್ಕೆ ಕುರಿಗಾರರ ಸಂಘವೊಂದು ಕೇಳಿಕೊಂಡ ಮೇಲೆ ಈ ಸಾಫ್ಟ್‌ವೇರು ಹುಟ್ಟಿತು. ದೂರದ ಪಟ್ಟಣದ ಒಂದು ಖಾಸಗಿ ಕಂಪನಿ ಹೊಳೆಗಳ ನೀರಿನ ಸುದ್ದಿಯನ್ನು ಇಂಟರ್ನೆಟ್ಟಿನ ಮೇಲೆ ಮಾರುತ್ತದೆ. ನಮ್ಮ ಸಾಫ್ಟ್‌ವೇರು ದಿನಾ ಸಂಜೆಗೆ ಅದನ್ನು ಕೇಳುತ್ತದೆ, ಅದು ಉತ್ತರ ಕಳಿಸುತ್ತದೆ, ಆ ಉತ್ತರ ನೋಡಿ ನಮ್ಮದು ಕುರಿಗಾರರ ಫೋನಿಗೆ ಕರೆ ಹಚ್ಚುತ್ತದೆ. ಯಂತ್ರವನ್ನು ಯಂತ್ರ ಕೇಳುವ ಮಾತು, ನಡುವೆ ಮನುಷ್ಯರಿಲ್ಲ. ಬಂದ ಉತ್ತರಕ್ಕೆ ನಮ್ಮದು ಸರಿಯಾಗಿ ನಡೆದುಕೊಳ್ಳುತ್ತದೋ ಇಲ್ಲವೋ ಎಂದು ಮುಂಚಿತವಾಗಿ ಪರೀಕ್ಷೆ ಮಾಡುವವಳು ಸವಿತಾ.

ಪರೀಕ್ಷೆ ಮಾಡಲಿಕ್ಕೆ ನಿಜವಾದ ಕಂಪನಿಯನ್ನೇ ಕೇಳಿದರಾಯಿತಲ್ಲ, ವೈರು ಯಾಕೆ ಕೀಳಬೇಕು? ಕೇಳಿದರೆ ಆಕೆ ಕುರ್ಚಿ ತಿರುಗಿಸಿ ಕೂಡುತ್ತಾಳೆ. "ಹೊಳಿಗೆ, ಯವ್ವಾ, ಇವತ್ತ ನಂದೊಂದು ಟೆಸ್ಟ್ ಐತಿ, ತುಂಬಿ ಬಾ ಅಂದ್ರ ಬರ್ತಾಳೇನ್ರಿ? ಬ್ಯಾಸಗ್ಯಾಗ ಎಷ್ಟ ಸಲ ಕೇಳಿದ್ರೂ ನೀರಿಲ್ಲ ಅಂತs ಹೇಳ್ತದ. ನೀರ ಬಂದಾಗ ನಮ್ಮದು ಏನ ಮಾಡ್ತೈತಿ ಅನ್ನೂದು ನೀರ ಬರೂಕಿಂತ ಮೊದಲs ಗೊತ್ತಾಗಬೇಕಲ್ಲ?"

ಅದೂ ಅಲ್ಲದೆ ಹೊರಗಿನ ಕಂಪನಿಯ ಯಂತ್ರ ಒಂದು ದಿನ ಎದ್ದಿರುತ್ತದೆ, ಒಂದು ದಿನ ಮಲಗಿರುತ್ತದೆ. ಅದು ಮಲಗಿದ್ದಕ್ಕೆ ಪರೀಕ್ಷೆ ಕೆಟ್ಟರೆ, ತಪ್ಪು ನಮ್ಮದೋ ಅವರದೋ ತಿಳಿಯುವುದಿಲ್ಲ. ಅದಕ್ಕೆ ಸವಿತಾ ಹೊರಗಿನವರ ಜಾಗದಲ್ಲಿ ಒಂದು ಸೋಗನ್ನು ನಿಲ್ಲಿಸುತ್ತಾಳೆ. ಕಂಪನಿ ನಾಟಕದ ತಾಲೀಮು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ರಾಜನ ಪಾರ್ಟಿನವನು ಊರಿಂದ ಬಂದಿರುವುದಿಲ್ಲ. ಹಾರ್ಮೋನಿಯಂ ಮಾಸ್ತರನೋ ಪರದೆ ಎಳೆಯುವವನೋ ರಾಜನ ಜಾಗದಲ್ಲಿ ನಿಂತು ರಾಜನ ಮಾತನ್ನು ಓದುತ್ತಾನೆ, ರಾಣಿ ತನ್ನ ಮಾತು ಕಲಿಯುತ್ತಾಳೆ. ಹಾಗೆ ಸವಿತಾ ಹೊಳೆಯ ಬದಲು ತಾನೇ ಉತ್ತರ ಬರೆದಿಡುತ್ತಾಳೆ. ಒಂದರಲ್ಲಿ ಹೊಳೆ ದಂಡೆ ಮೀರಿದೆ. ಒಂದರಲ್ಲಿ ಉತ್ತರ ಬರಲಿಕ್ಕೆ ತಡವಾಗಿ ತಡವಾಗಿ ಬರುವುದೇ ಇಲ್ಲ. ಒಂದರಲ್ಲಿ ಮಲಪ್ರಭೆಯನ್ನು ಕೇಳಿದರೆ ಘಟಪ್ರಭೆಯ ಸುದ್ದಿ ಬರುತ್ತದೆ. ಇಂಥ ಸೋಗಿನ ಉತ್ತರಗಳು ನೂರಾರು. ಗುಂಡಿ ಒತ್ತಿದರೆ ಸಾಫ್ಟ್‌ವೇರು ಒಂದೊಂದನ್ನೂ ನಿಜವೆಂದೇ ನಂಬಿ ನಡೆದುಕೊಳ್ಳುತ್ತದೆ. ಸರಿಯಾಗಿ ನಡೆದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಿದರೆ ಕೆಂಪು. ಮೊದಲ ಬಸ್ಸಿಗೆ ಗುಡೂರಿನಿಂದ ಬಂದು, ಕೆಳಗಿನ ಅಂಗಡಿಯ ಬಿಲ್ಲು, ಗಿರಾಕಿ, ಸೀರೆಯ ಫೋಟೊ ಎಲ್ಲ ಶುರುವಾಗುವ ಮುಂಚೆ ಇಷ್ಟು ಮುಗಿಸುತ್ತಾಳೆ.

ಸವಿತಾಳ ಮನೆ ಗುಡೂರಿನಲ್ಲಿ. ಬೀರಪ್ಪ ದೇವರ ಒಕ್ಕಲು, ಕುರಿ ಕಟ್ಟಿಕೊಂಡೇ ಬದುಕಿದ ಮನೆತನ. ಅಪ್ಪ ತೀರಿಕೊಂಡ ಮೇಲೆ ಕಾಕಾ ಕನಕಪ್ಪನೇ ಕುರಿ ಕಾಯ್ದು ಆಕೆಯನ್ನು ಇಳಕಲ್ಲಿನ ಕಾಲೇಜಿಗೆ ಕಳಿಸಿದ. ಮನೆಯಲ್ಲಿ ಯಾರಿಗೂ ಆಕೆಯ ಕೆಲಸ ಏನೆಂದು ಬಿಡಿಸಿ ಹೇಳಲಿಕ್ಕೆ ಆಗಿಲ್ಲ. ಕೆಲಸ ಸಿಕ್ಕ ಹೊಸತರಲ್ಲಿ ತಾಯಿ ಪದ್ಮವ್ವ ರೊಟ್ಟಿ ಬಡಿಯುತ್ತ ಕೇಳಿದ್ದಳಂತೆ, ಅಲ್ಲಿ ಹೋಗಿ ಏನ ಮಾಡ್ತಿ ಅಂತ. "ಸುಳ್ಳ ಸುಳ್ಳ ಉತ್ತರ ಬರೀತೇನಿ" ಎಂದಳು ಮಗಳು. ಪದ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದಕ್ಕ ಪಗಾರ ಬ್ಯಾರೆ ಕೊಡ್ತಾರಾ? ನಿಮ್ಮಪ್ಪ ಜೀವಮಾನ ಪೂರ್ತಿ ಪುಕಟ ಹೇಳಿದ!"

ಆ ಮನೆಯ ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ಕುರಿಯ ಬೆನ್ನು ಹತ್ತಿ ಹೋದ ಗಂಡಸು ಸುಮ್ಮಸುಮ್ಮನೆ ಮನೆಗೆ ಸುದ್ದಿ ಕಳಿಸುವುದಿಲ್ಲ. ಕುರಿ ಸತ್ತರೆ, ಜ್ವರ ಬಂದರೆ, ತೋಳ ಬಿದ್ದರೆ ಹೇಳಿ ಕಳಿಸುತ್ತಾನೆ. ಸುದ್ದಿ ಬರಲಿಲ್ಲವೆಂದರೆ ಆರಾಮ ಇದ್ದಾನೆ ಎಂದು ಹೆಂಗಸರು ಬೀರಪ್ಪನ ಮುಂದೆ ದೀಪ ಹಚ್ಚಿ ಮಲಗುತ್ತಾರೆ. ಕಿಸೆಗೆ ಫೋನು ಬಂದ ಮೇಲೂ ಈ ರೂಢಿ ಹೋಗಿಲ್ಲ. ಕನಕಪ್ಪನ ನಂಬರಿನಿಂದ ಫೋನು ಬಂತೆಂದರೆ ಪದ್ಮವ್ವ ಹಲೋ ಅನ್ನುವುದಿಲ್ಲ, "ಏನಾತೋ?" ಅನ್ನುತ್ತಾಳೆ. ಸವಿತಾ ಬೆಳೆದದ್ದು ಇದರಲ್ಲಿ.

ಸಾಫ್ಟ್‌ವೇರಿನ ಮೊದಲ ವರ್ಷ, ಸೋಗಿನ ಉತ್ತರಗಳನ್ನು ಬರೆಯುತ್ತ ಬರೆಯುತ್ತ ಆಕೆ ಒಂದು ಖಾಲಿ ಉತ್ತರಕ್ಕೆ ಬಂದಳು. ಹೊರಗಿನವರು ಕದ ತೆರೆದು, ಒಳಗೆ ಬನ್ನಿ ಎಂದು, ಏನೂ ಹೇಳದಿದ್ದರೆ? ಆಗ ನಮ್ಮ ಸಾಫ್ಟ್‌ವೇರು ಕುರಿಗಾರರಿಗೆ ಏನು ಹೇಳಬೇಕು? ಸವಿತಾ ಯಾರನ್ನೂ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಸುದ್ದಿ ಇಲ್ಲ ಅಂದರೆ ನೀರಿಲ್ಲ, ಆರಾಮ ಇರ್ರಿ ಎಂಬ ಕರೆ ಹೋಗಬೇಕು ಎಂದು ಪರೀಕ್ಷೆಯಲ್ಲಿ ಬರೆದಳು. ಸಾಫ್ಟ್‌ವೇರು ಹಾಗೇ ನಡೆದುಕೊಂಡಿತು. ಹಸಿರು ಬಂತು. ಅದರ ಮೇಲೆ ಮಳೆಗಾಲಗಳು ಕಳೆದವು, ಆ ಸಾಲು ಒಂದು ದಿನವೂ ಕೆಂಪಾಗಲಿಲ್ಲ.

ಹೋದ ವರ್ಷ ಶ್ರಾವಣದ ಒಂದು ಸಂಜೆ ಹೊರಗಿನ ಕಂಪನಿಯ ಯಂತ್ರ ಕೆಟ್ಟಿತು. ಕೆಟ್ಟಿದ್ದೇನೆ ಎಂದು ಹೇಳಿದ್ದರೆ ಅದಕ್ಕೂ ಪರೀಕ್ಷೆ ಇತ್ತು. ಅದು ಹೇಳಲಿಲ್ಲ. ಎಲ್ಲ ಸರಿ ಎಂಬ ಗುರುತು ಹಚ್ಚಿ ಖಾಲಿ ಉತ್ತರ ಕಳಿಸಿತು. ಆ ಹೊತ್ತಿಗೆ ಕನಕಪ್ಪ ಕುಳಗೇರಿ ಕ್ರಾಸಿನ ಆಚೆ, ಹೊಳೆದಂಡೆಯ ಹೊಲದಲ್ಲಿದ್ದ. ಮೋಡ ನೋಡಿ ಅನುಮಾನ ಬಂದು ಬಲೆಯ ಗೂಟ ಕೀಳುತ್ತಿದ್ದನಂತೆ. ಫೋನು ಬಂತು. "ಇವತ್ತ ಹೊಳಿಗೆ ನೀರ ಬರೂದಿಲ್ಲ, ಆರಾಮ ಇರ್ರಿ" ಎಂದಿತು ಹೆಣ್ಣುದನಿ. ಕಿತ್ತ ಗೂಟವನ್ನು ಮತ್ತೆ ಬಡಿದ. ನಸುಕಿನಲ್ಲಿ ಹೊಳೆ ಬಂದಾಗ ಕುರಿಗಳು ಬಲೆಯ ಒಳಗಿದ್ದವು. ಸಾಮಾನು ಹೊರುವ ಕುದುರೆಯ ಬಾಲ ಹಿಡಿದು ಕನಕಪ್ಪ ಒಬ್ಬನೇ ದಡಕ್ಕೆ ಬಂದ. ಕುರಿ ಬರಲಿಲ್ಲ, ನಾಯಿಗಳೂ ಬರಲಿಲ್ಲ. ಆ ದಂಡೆಯುದ್ದಕ್ಕೂ ಇನ್ನೂ ಕೆಲವರ ದಡ್ಡಿ ಹೋದವು.

ಸವಿತಾಳನ್ನು ಯಾರೂ ಬೈಯಲಿಲ್ಲ. ಆಫೀಸಿನ ಒಡೆಯ ವಿಜಯಮಹಾಂತೇಶ, ಕೆಳಗಿನ ಸೀರೆ ಅಂಗಡಿಯವರ ಮಗ, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ ಊರಿಗೇ ಬಂದವನು, ತಪ್ಪು ಹೊರಗಿನವರದೆಂದು ಸಂಘಕ್ಕೆ ಬರೆದುಕೊಟ್ಟ. ಹೊರಗಿನವರೂ ಒಪ್ಪಿಕೊಂಡರು. ಮಾತು ಅಲ್ಲಿಗೆ ಮುಗಿಯಿತು. ಬೈಸಿಕೊಂಡವಳು ಗೌಸಿಯಾ. ಅಂಗಡಿಯ ಬಿಲ್ಲು ಬರೆಯುವ ಗೌಸಿಯಾಳ ದನಿ ಸ್ಪಷ್ಟ ಅಂತ ಕರೆಗಳಿಗೆ ಅವಳ ದನಿ ಹಿಡಿದಿದ್ದರು. "ಕಾಯಿಪಲ್ಲೆ ತರಾಕ ಹೋಗಿ ಬಾಯಿ ಬಿಟ್ಟೆ, ಬಾಜೂಕಿದ್ದ ಮುದುಕ ತಿರಗಿ ನೋಡಿದ್ರಿ. ಆರಾಮ ಇರ್ರಿ ಅಂದಾಕಿ ನೀನs ಏನಬೇ, ಅಂದ. ಬದನಿಕಾಯಿ ಅಲ್ಲೇ ಬಿಟ್ಟ ಬಂದೆ," ಎನ್ನುತ್ತಾಳೆ ಅವಳು. ಆಮೇಲೆ ಸವಿತಾಳ ಕಡೆ ಕೈ ಮಾಡುತ್ತಾಳೆ. "ಸೋಗ ಈಕೀದು, ಬೈಗುಳ ನನಗ."

ಕನಕಪ್ಪ ಈಗ ಇಳಕಲ್ಲಿನ ಹೊರಗೆ, ಗ್ರಾನೈಟು ಕೊಯ್ಯುವ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುತ್ತಾನೆ. ಕಲ್ಲಿನ ಧೂಳು ಮೀಸೆಯ ಮೇಲೆ ಕೂತಿರುತ್ತದೆ. ಕುರಿಗಾರನಿಗೆ ಒಂದು ಕಡೆ ಕೂಡುವುದು ದೊಡ್ಡ ಶಿಕ್ಷೆ. ಕಂಬಳಿ ಮಾತ್ರ ಬಿಟ್ಟಿಲ್ಲ, ಕುರ್ಚಿಯ ಮೇಲೆ ಹಾಸಿಕೊಂಡಿದ್ದಾನೆ. ದಸರೆಯ ಹೊತ್ತಿಗೆ ಸವಿತಾ ಅಲ್ಲಿಗೆ ಬುತ್ತಿ ಒಯ್ದು, ಆ ಸಾಲು ಬರೆದವಳು ತಾನೇ ಎಂದು ಹೇಳಿದಳು. ಯಾಕೆ ಹಾಗೆ ಬರೆದೆ ಎಂದೂ ಹೇಳಿದಳು. ಮನೆಯಲ್ಲಿ ಸುದ್ದಿ ಬರದಿದ್ದರೆ ಆರಾಮ ಎಂದೇ ಅಲ್ಲವೇ ತಿಳಿಯುವುದು, ಅದಕ್ಕೇ ಎಂದಳು.

ಕನಕಪ್ಪ ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲಿ ಇಟ್ಟ. "ಹಂಗಂದ್ರ ಅದನ್ನ ನಿನಗ ಕಲಿಸಿದವ್ರು ನಾವs ಆದ್ವೆಲ್ಲ ಮಗಳs," ಎಂದ. ಆಮೇಲೆ ಕೇಳಿದ, "ಆವತ್ತ ನಿನ್ನ ಮಿಶಿನ್‌ಗೆ ಖರೆ ಏನ ಗೊತ್ತಿತ್ತು?"

"ಏನೂ ಗೊತ್ತಿರಲಿಲ್ಲ ಕಾಕಾ."

"ಗೊತ್ತಿಲ್ಲಂತ ಹೇಳಿದ್ರ ಸಾಕಿತ್ತಲ್ಲ. ಗೂಟ ಕಿತ್ತಿದ್ದೆ. ದಿಬ್ಬಾ ಏರತಿದ್ದೆ."

ಇದಕ್ಕಿಂತ ಬೈದಿದ್ದರೆ ಚಲೋ ಇತ್ತು ಎನ್ನುತ್ತಾಳೆ ಸವಿತಾ. ಖಾಲಿ ಡಬ್ಬಿ ತೊಳೆದುಕೊಂಡು ಬಸ್ಸು ಹತ್ತಿದವಳು ಆ ವಾರವೇ ಹಳೆಯ ಪರೀಕ್ಷೆಯನ್ನು ಒಡೆದು ಹೊಸದು ಕಟ್ಟಿದಳು. ಖಾಲಿ ಉತ್ತರ ಬಂದರೆ ಇನ್ನು ಮೇಲೆ ಬೇರೆಯೇ ಕರೆ ಹೋಗಬೇಕು. ಗೌಸಿಯಾ ಮೊದಲು ಒಲ್ಲೆ ಎಂದಳು, ಮತ್ತೆ ತನ್ನ ದನಿ ಬೇಡ ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೈಕಿನ ಮುಂದೆ ಕೂತಳು. "ಹೊಳಿ ಸುದ್ದಿ ಇವತ್ತ ನಮಗ ಸಿಕ್ಕಿಲ್ಲ. ನೀರ ಬರ್ತೈತೋ ಇಲ್ಲೋ ನಮಗ ಗೊತ್ತಿಲ್ಲ. ದಡ್ಡಿ ದಿಬ್ಬದ ಮ್ಯಾಲ ಹಾಕ್ರಿ." ಬೆಳಗಿನ ಪರೀಕ್ಷೆಯೆಲ್ಲ ಮುಗಿದ ಮೇಲೆ ಸವಿತಾ ವೈರು ಮತ್ತೆ ಚುಚ್ಚಿ ನಿಜವಾದ ಕಂಪನಿಯನ್ನೂ ದಿನಕ್ಕೊಮ್ಮೆ ಕೇಳತೊಡಗಿದಳು. ನಿಜದ ಉತ್ತರಕ್ಕೂ ತಾನು ಬರೆದಿಟ್ಟ ಸೋಗಿಗೂ ಹೋಲಿಕೆ ಇದೆಯೋ ಇಲ್ಲವೋ ನೋಡಬೇಕಲ್ಲ. ತಾಲೀಮಿನಲ್ಲಿ ನಿಂತವನು ರಾಜನಂತೆ ಮಾತನಾಡುತ್ತಾನೋ ಇಲ್ಲವೋ ಎಂದು ನಡುನಡುವೆ ರಾಜನನ್ನೇ ಕರೆಸಿ ನೋಡಿದ ಹಾಗೆ.

ಈ ವರ್ಷದ ಮುಂಗಾರಿಗೆ ಆ ಹೊಸ ಕರೆ ಹೋಗಲಿಕ್ಕೆ ಹತ್ತಿತು. ಹೊರಗಿನ ಕಂಪನಿಯ ಯಂತ್ರ ಮತ್ತೆ ಮತ್ತೆ ಖಾಲಿ ಉತ್ತರ ಕಳಿಸಿತು. ಕುರಿಗಾರರು ಗೂಟ ಕಿತ್ತರು, ದಿಬ್ಬ ಏರಿದರು. ಹೊಳೆ ಬರಲಿಲ್ಲ. ಇನ್ನೊಂದು ಸಂಜೆ ಮತ್ತೆ ಕಿತ್ತರು, ಮತ್ತೆ ಬರಲಿಲ್ಲ. ಗೊಬ್ಬರಕ್ಕೆಂದು ಜೋಳ ಕೊಟ್ಟು ಕರೆಸಿಕೊಂಡ ಹೊಲದವರು, ನಮ್ಮ ಹೊಲ ಬಿಟ್ಟು ದಿಬ್ಬಕ್ಕ ಗೊಬ್ಬರ ಹಾಕಾಕ ಬಂದೀರೇನು ಎಂದು ಜಗಳ ತೆಗೆದರು. ಸಂಘಕ್ಕೆ ಫೋನಿನ ಮೇಲೆ ಫೋನು. ನಿಮಗs ಗೊತ್ತಿಲ್ಲಂದ್ರ ನಮಗ್ಯಾಕ ಹಚ್ಚತೀರಿ? ಗೊತ್ತಿಲ್ಲ ಅನ್ನಾಕ ನಮ್ಮನ್ಯಾಗ ಮಂದಿ ಕಡಿಮಿ ಅದಾರೇನು? ಒಬ್ಬೊಬ್ಬರೇ ತಮ್ಮ ನಂಬರು ತೆಗೆಸಿದರು. ಉಳಿದವರು ಹೆಣ್ಣುದನಿ ಕೇಳಿದ ಕೂಡಲೇ ಕಟ್ ಮಾಡಿದರು. ಈ ಮಳೆಗಾಲ ಮುಗಿದರೆ ಸಾಕು, ಈ ಕರೆಯ ವ್ಯವಸ್ಥೆಯೇ ಬೇಡ ಎಂದು ಸಂಘದವರು ಹೇಳಿ ಹೋದರು.

ಅಲ್ಲಿಯ ತನಕವಾದರೂ ಜಗಳ ಬೇಡವೆಂದು ವಿಜಯಮಹಾಂತೇಶ ಒಂದು ದಾರಿ ಹುಡುಕಿದ. ಖಾಲಿ ಉತ್ತರ ಬಂದ ದಿನ ಯಾರಿಗೂ ಕರೆಯೇ ಹೋಗದಂತೆ ಸಾಫ್ಟ್‌ವೇರನ್ನು ತಿದ್ದಿದ. ಮರುದಿನ ಬೆಳಿಗ್ಗೆ ಸವಿತಾಳ ಪರದೆಯ ಮೇಲೆ ಒಂದು ಕೆಂಪು ಗೆರೆ. 'ಗೊತ್ತಿಲ್ಲ' ಎಂಬ ಕರೆ ಹೋಗಬೇಕಿತ್ತು, ಹೋಗಲಿಲ್ಲ ಎಂದು ಪರೀಕ್ಷೆ ಹೇಳುತ್ತಿದೆ. ಒಂದು ಕೆಂಪು ಇದ್ದರೂ ತಿದ್ದಿದ ಸಾಫ್ಟ್‌ವೇರು ಹೊರಗೆ ಹೋಗುವುದಿಲ್ಲ, ಅದು ಈ ಆಫೀಸಿನ ಕಟ್ಟಳೆ. ಅವನೇ ಮಾಡಿದ ಕಟ್ಟಳೆ.

"ತಂಗಿ, ಆ ಟೆಸ್ಟ್ ತಗದ ಬಿಡು," ಎಂದ ಅವನು ಬಾಗಿಲಲ್ಲೇ ನಿಂತು.

"ಸರ್, ಫೋನ್ ಹೋಗಲಿಲ್ಲಂದ್ರ ಅವ್ರು ಏನ ತಿಳ್ಕೊಂತಾರ? ಸುದ್ದಿ ಇಲ್ಲ, ಅಂದ್ರ ನೀರಿಲ್ಲ, ಆರಾಮ ಅಂತ ತಿಳ್ಕೊಂತಾರ್ರಿ. ಹೋದ ವರ್ಷ ನಾ ಬಾಯ್ಬಿಟ್ಟ ಹೇಳಿದ್ದನ್ನ ಈ ವರ್ಷ ಬಾಯಿ ಮುಚ್ಚಿ ಹೇಳಿದಂಗ ಆಗ್ತೈತಿ."

"ನೀ ಹೇಳೂದು ಖರೆ. ಆದ್ರ ಗೊತ್ತಿಲ್ಲ ಅನ್ನೂ ಫೋನ್ ಯಾರೂ ಕೇಳವಲ್ರು. ಕೇಳದವ್ರಿಗೆ ಹೇಳಿ ಏನ ಮಾಡೂದು? ನೀರ ಬರೂ ದಿನದ ಫೋನಾದ್ರೂ ಕೇಳಲಿ. ಅದನ್ನೂ ಕಟ್ ಮಾಡಾಕ ಹತ್ತಿದ್ರ?"

ಅವನ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ಸವಿತಾಳಿಗೂ ಅದು ಗೊತ್ತು. ಅದೇ ಅವಳನ್ನು ಹೆಚ್ಚು ಕಾಡುತ್ತದೆ. ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಿಂತಳು.

"ನೀವs ತಗೀರಿ ಸರ್. ನನ್ನ ಕೈಲೆ ಆಗೂದಿಲ್ಲ."

ವಿಜಯಮಹಾಂತೇಶ ಕೂತು, ಆ ಸಾಲನ್ನು ಹುಡುಕಿ, ಅಳಿಸಿದ. ಗುಂಡಿ ಒತ್ತಿದ. ಮೇಲಿಂದ ಕೆಳಗಿನ ತನಕ ಎಲ್ಲ ಹಸಿರು. "ಆತು," ಎಂದು ಸಣ್ಣ ದನಿಯಲ್ಲಿ ಹೇಳಿ, ಆಕೆಯ ಮುಖ ನೋಡದೆ ಮೆಟ್ಟಿಲು ಇಳಿದ.

ಅಂದಿನಿಂದ ಸವಿತಾಳಿಗೆ ಸಂಜೆಗೂ ಒಂದು ಕೆಲಸ. ಸಾಫ್ಟ್‌ವೇರು ಹೊಳೆಯ ಸುದ್ದಿ ಕೇಳುವ ಹೊತ್ತಿಗೆ ಪರದೆಯ ಮುಂದೆ ಕೂಡುತ್ತಾಳೆ. ಉತ್ತರದಲ್ಲಿ ಸುದ್ದಿ ಇದ್ದರೆ ಚೀಲ ಹೆಗಲಿಗೆ ಹಾಕಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಖಾಲಿ ಬಂದರೆ ತನ್ನ ಸ್ವಂತ ಫೋನು ತೆಗೆದು, ಹೊಳೆದಂಡೆಯಲ್ಲಿ ಇಳಿದವರಿಗೆ ಒಬ್ಬೊಬ್ಬರಿಗಾಗಿ ಹಚ್ಚುತ್ತಾಳೆ. ಇದನ್ನು ಮಾಡು ಎಂದು ಯಾರೂ ಹೇಳಿಲ್ಲ. ಬೇಡವೆಂದೂ ಯಾರೂ ಹೇಳಿಲ್ಲ. ವಿಜಯಮಹಾಂತೇಶ ಕೆಳಗೆ ಸೀರೆ ಮಡಚುತ್ತ ಕೂತು, ಮೇಲೆ ದೀಪ ಉರಿಯುವುದನ್ನು ಕಂಡೂ ಕಾಣದವನಂತೆ ಇರುತ್ತಾನೆ.

"ಇದು ಮುಗಿಯೂ ಕೆಲಸ ಅಲ್ರಿ," ಎನ್ನುತ್ತಾಳೆ ಆಕೆ. "ಒಬ್ಬ ಮನುಷ್ಯಾ ಕುಂತು ಫೋನ್ ಹಚ್ಚೂದಾದ್ರ ಮಿಶಿನ್ ಯಾಕ ಬೇಕಿತ್ತು? ನನಗ ಒಂದ ದಿನ ಜ್ವರ ಬಂದ್ರ ಆತು. ಅದs ದಿನ ಹೊಳಿ ಬರ್ತೈತಿ ಅಂತ ನನಗ ಖಾತ್ರಿ ಐತಿ." ಮಳೆಗಾಲ ಮುಗಿದು ಕರೆಯ ವ್ಯವಸ್ಥೆ ನಿಂತ ಮೇಲೆ ಏನು ಮಾಡುತ್ತೀ ಎಂದರೆ ವೈರಿನ ತುದಿಯ ಧೂಳು ಊದುತ್ತಾಳೆ.

ಇವತ್ತಿನ ಸಂಜೆಯ ಉತ್ತರ ಖಾಲಿ ಬಂದಿದೆ. ಕಲಾದಗಿ ಕಡೆಯ ದಂಡೆಯಲ್ಲಿ ಇಳಿದ ಮೊದಲನೆಯವನ ಫೋನು ಸ್ವಿಚ್ ಆಫ್. ಎರಡನೆಯವನದು ರಿಂಗಾಗಿ ರಿಂಗಾಗಿ ನಿಲ್ಲುತ್ತದೆ, ಮತ್ತೆ ಹಚ್ಚುತ್ತಾಳೆ, ಮತ್ತೆ ನಿಲ್ಲುತ್ತದೆ. ಮೂರನೆಯವನು ದುರ್ಗಪ್ಪ, ಕುಳಗೇರಿ ಕ್ರಾಸಿನ ಆಚೆ, ಹೋದ ವರ್ಷ ಕನಕಪ್ಪನ ದಡ್ಡಿ ಇದ್ದ ಹೊಲದ ಪಕ್ಕದ ಹೊಲದಲ್ಲಿದ್ದಾನೆ. ಅವನು ಎತ್ತುತ್ತಾನೆ. ಹಿಂದೆ ಕುರಿಮರಿಗಳು ಒದರುವುದು ಕೇಳುತ್ತದೆ.

"ಏನವಾ, ಮತ್ತ ಗೊತ್ತಿಲ್ಲಂತ ಹೇಳಾಕ ಹಚ್ಚಿಯೇನು?"

"ಹೌದ್ರಿ ಕಾಕಾ. ಇವತ್ತ ಗೊತ್ತಿಲ್ಲ."

"ಊಟಾ ಆತಿಲ್ಲೋ ಅದಾದ್ರೂ ಗೊತ್ತೈತೇನು ನಿನಗ?"

"ನಂದಿನ್ನೂ ಆಗಿಲ್ರಿ. ನೀವು ದಿಬ್ಬಕ್ಕ ಹೋಗ್ರಿ ಕಾಕಾ. ಇವತ್ತೊಂದ ದಿನ."

"ನಿನ್ನೀನೂ ಇವತ್ತೊಂದ ದಿನ ಅಂದಿ." ದುರ್ಗಪ್ಪ ನಗುತ್ತಾನೆ. ಯಾರಿಗೋ ಬಲೆ ಬಿಗಿಯಾಗಿ ಕಟ್ಟು ಎಂದು ಕೂಗುತ್ತಾನೆ. ಫೋನು ಕಟ್ಟಾಗುತ್ತದೆ.

ಬಿಲ್ಲಿನ ಪುಸ್ತಕ ಮುಚ್ಚಿ ಮೇಲೆ ಬಂದ ಗೌಸಿಯಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಾಳೆ. "ಹೊಂಟ್ನೇನು? ಗೂಟ ಕೀಳ್ತಾನೇನು?"

"ಗೊತ್ತಾಗಲಿಲ್ಲ," ಎನ್ನುತ್ತಾಳೆ ಸವಿತಾ. ಕಿಟಕಿಯ ಹೊರಗೆ ಬಡಗಣ ದಿಕ್ಕಿಗೆ ಕಪ್ಪು ಮೋಡ ಕೂಡುತ್ತಿದೆ. "ಫೋನ್ ಎತ್ತಿದ್ನಲ್ಲ. ಇನ್ನೊಬ್ರು ಎತ್ತಿದ್ರ ಸಾಕು ಇವತ್ತಿಗೆ." ಹೆಬ್ಬೆರಳು ಆಗಲೇ ಮುಂದಿನ ನಂಬರಿನ ಮೇಲಿದೆ.